ಮಲೆನಾಡಿನ ಸಂಶೋಧನೆ ಮಲೆನಾಡಿಗೂ ತಿಳಿಯಲಿ

ಮಂಗನ ಕಾಯಿಲೆಯ ವೈರಾಣು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರನ್ನು ಹೊತ್ತುಕೊಂಡಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಹಾಸಿಗೆ ಹಿಡಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಇಲ್ಲಿಗೆ ಧಾವಿಸಿದರು. ಸಿಕ್ಕಿದ್ದು ಬೇರೆಯೇ ವೈರಾಣು. ಅದನ್ನು ಹೋಲುವ ವೈರಾಣುಗಳು ರಷ್ಯದ ಕಾಡುಗಳಲ್ಲಿದ್ದವು. ಅಲ್ಲಿಯೂ ಅವುಗಳನ್ನು ಹರಡುತ್ತಿದ್ದದ್ದು ಪ್ರಾಣಿಗಳ ಮೈಗೆ ಕಚ್ಚಿ ರಕ್ತ ಹೀರುವ ಉಣುಗು.

ರಷ್ಯಕ್ಕೂ ಸೊರಬಕ್ಕೂ ಎಲ್ಲಿಯ ನಂಟು? ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಸೋಂಕಿನ ಉಣುಗನ್ನು ತಂದಿರಬಹುದೇ ಎಂಬ ಪ್ರಶ್ನೆ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರನ್ನು ಈ ಹುಡುಕಾಟದೊಳಗೆ ತಂದಿತು. ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ವಲಸೆಯ ದಾರಿ ಗುರುತಿಸುವ ದೊಡ್ಡ ಯೋಜನೆಯೊಂದು ಇದೇ ಅನುಮಾನದಿಂದ ಬಲ ಪಡೆಯಿತು. ಹಕ್ಕಿಗಳೇ ರೋಗ ತಂದವು ಎಂಬುದು ಸಾಬೀತಾಗಲಿಲ್ಲ. ಆದರೆ ಭಾರತದ ಪಕ್ಷಿವಿಜ್ಞಾನಕ್ಕೆ ಆ ಉಂಗುರಗಳಿಂದ ಬಂದ ತಿಳಿವಳಿಕೆ ಬಹಳ ದೊಡ್ಡದು. ಮುಂದೆ, ಇಲ್ಲಿಯೇ ಕೆಲಸ ಮಾಡಿದ ಕೊಲಂಬಿಯದ ವಿಜ್ಞಾನಿ ಬೊಷೆಲ್ 1969ರ ತಮ್ಮ ಲೇಖನದಲ್ಲಿ ಕಾಡಿನ ಅಂಚಿನತ್ತ ಗಮನ ಸೆಳೆದರು. ಜನಸಂಖ್ಯೆ ಬೆಳೆದು ಕಾಡು ಗದ್ದೆಯಾಯಿತು, ಉಳಿದ ಕಾಡಿಗೆ ದನ ನುಗ್ಗಿದವು, ದನದ ರಕ್ತ ಉಂಡು ಉಣುಗು ಹೆಚ್ಚಿತು ಎಂಬುದು ಅವರ ವಾದ. 1980ರ ದಶಕದ ಆರಂಭದಲ್ಲಿ ರೋಗ ಘಟ್ಟ ಇಳಿದು ಬೆಳ್ತಂಗಡಿಯ ಕಡೆ ಕಾಣಿಸಿಕೊಂಡಾಗ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅದನ್ನು ಊರವರ ಕಡೆಯಿಂದ ನೋಡಿದರು. 1987ರಲ್ಲಿ ಪ್ರಕಟವಾದ ಅವರ ಅಧ್ಯಯನ ಇದನ್ನು ಅಭಿವೃದ್ಧಿಯೇ ತಂದ ಕಾಯಿಲೆ ಎಂದು ಕರೆಯಿತು. ಕಾಡು ಸವರುವ ಕೆಲಸಕ್ಕೂ ರೋಗಕ್ಕೂ ಇರುವ ಸಂಬಂಧ, ಕೂಲಿಯವರ ಸಂಕಟ, ಊರವರು ರೋಗವನ್ನು ದೈವದ ಕೋಪದೊಂದಿಗೆ ಜೋಡಿಸಿ ನೋಡಿದ ರೀತಿ, ಇವೆಲ್ಲ ಅದರಲ್ಲಿವೆ. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಪರಿಸರಶಾಸ್ತ್ರಜ್ಞರು, ಪಶುವೈದ್ಯರು, ಆರೋಗ್ಯ ಇಲಾಖೆಯವರು ಒಟ್ಟಿಗೆ ಕುಳಿತು ಮಾಡಿದ್ದು. ನಿತ್ಯಹರಿದ್ವರ್ಣ ಕಾಡೂ ತೋಟವೂ ಬೆರೆತಿರುವ, ಊರದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಅಪಾಯ ಹೆಚ್ಚು ಎಂದು ಅದು ತೋರಿಸಿತು. ಹಾಗೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವುದೇ ಹಳ್ಳಿಯ ಚಿತ್ರ.

ಒಂದೇ ಜ್ವರ. ಅದನ್ನು ಅರಿಯಲು ವೈರಾಣುಶಾಸ್ತ್ರ, ಕೀಟಶಾಸ್ತ್ರ, ಪಕ್ಷಿಶಾಸ್ತ್ರ, ಪಶುವೈದ್ಯ, ಭೂಗೋಳ, ಮಾನವಶಾಸ್ತ್ರ ಎಲ್ಲವೂ ಬೇಕಾದವು. ಇಷ್ಟಾದರೂ ಇದು ಕಾಡಂಚಿನ ಮನೆಗಳಿಗೆ ತಲುಪಿದ್ದು ಎಷ್ಟು ಎಂದು ಕೇಳಿದರೆ ಉತ್ತರ ಬೇಸರ ತರಿಸುತ್ತದೆ. ಚಳಿಗಾಲ ಬಂದಾಗ ಕರಪತ್ರ ಬರುತ್ತದೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಬರುತ್ತದೆ, ಕಾಡಿಗೆ ಹೋಗಬೇಡಿ ಎಂಬ ಸೂಚನೆ ಬರುತ್ತದೆ.

ಕಾಡಿಗೆ ಹೋಗದೆ ಇರುವುದು ಸಾಧ್ಯವೇ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮರಿ ಉಣುಗುಗಳು ನೆಲದ ತರಗೆಲೆಗಳ ನಡುವೆ ಹೆಚ್ಚಾಗಿರುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅಡಿಕೆ ತೋಟದ ಮನೆಗಳಲ್ಲಿ ಸೊಪ್ಪಿನ ಬೆಟ್ಟದಿಂದ ದರಗು, ಅಂದರೆ ಉದುರಿದ ಒಣ ಎಲೆ, ತರುವುದೂ ಅದೇ ತಿಂಗಳುಗಳಲ್ಲಿ, ಏಕೆಂದರೆ ಎಲೆ ಉದುರುವುದು ಆಗಲೇ, ಮಳೆ ಬಿದ್ದ ಮೇಲೆ ಅದನ್ನು ಗುಡಿಸಲು ಆಗುವುದಿಲ್ಲ. ಈ ಕೆಲಸ ಬಹುಮಟ್ಟಿಗೆ ಹೆಂಗಸರದ್ದು. ಬಾಗಿ ನಿಂತು ಎಲೆ ಗುಡಿಸಿ ಗುಡ್ಡೆ ಮಾಡುತ್ತಾರೆ, ಬುಟ್ಟಿಗೆ ತುಂಬಿ ಕಾಲಿನಿಂದ ತುಳಿದು ಅಡಕುತ್ತಾರೆ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನದ ಕಾಲಡಿಯಲ್ಲಿ ಸಗಣಿ ಗಂಜಲ ಕುಡಿದ ಆ ಎಲೆಯೇ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ಉಣುಗು ಮನುಷ್ಯರ ಮೈಗೆ ಹತ್ತಲು ಇದಕ್ಕಿಂತ ಅನುಕೂಲವಾದ ಸಂದರ್ಭ ಇನ್ನೊಂದಿಲ್ಲ. ದರಗು ಇಲ್ಲದೆ ಕೊಟ್ಟಿಗೆ ಇಲ್ಲ, ಗೊಬ್ಬರ ಇಲ್ಲ. ಕೂಲಿಗೆ ದರಗು ಗುಡಿಸುವವಳಿಗೆ ಅಂದಿನ ಊಟವೂ ಇಲ್ಲ. ವೈರಾಣುಶಾಸ್ತ್ರದ ಪ್ರಾಧ್ಯಾಪಕರಿಗೆ ಉಣುಗಿನ ಋತು ಗೊತ್ತು. ಹೆಂಗಸರ ದುಡಿಮೆಯ ಬಗ್ಗೆ ಅಧ್ಯಯನ ಮಾಡಿದ ಸಮಾಜಶಾಸ್ತ್ರದ ಪ್ರಾಧ್ಯಾಪಕರಿಗೆ ದರಗಿನ ಋತು ಗೊತ್ತು. ಇಬ್ಬರೂ ಒಂದು ಸಂಜೆ ಒಂದೇ ವೇದಿಕೆಯಲ್ಲಿ ಕುಳಿತು ತಮ್ಮ ತಮ್ಮ ಕೆಲಸವನ್ನು ಕನ್ನಡದಲ್ಲಿ ಹೇಳಿಕೊಂಡರೆ, ಯಾವ ತಿಂಗಳು, ಯಾವ ಬೆಟ್ಟ, ಯಾರ ಕೈಗೆ ಎಣ್ಣೆ ಮೊದಲು ತಲುಪಬೇಕು, ದರಗಿಗೆ ಬದಲಿ ಏನು ಎಂಬ ಮಾತು ಅಲ್ಲೇ ಶುರುವಾಗುತ್ತದೆ.

ನನ್ನ ವಾದ ಇಷ್ಟೇ. ಪ್ರಾಧ್ಯಾಪಕರು ತಮ್ಮ ಸಂಶೋಧನೆಯನ್ನು ಬೇರೆ ವಿಭಾಗದವರ ಮುಂದೆ, ಊರಿನವರ ಮುಂದೆ, ಕನ್ನಡದಲ್ಲಿ ವಿವರಿಸುವುದನ್ನು ಬಿಡುವಿನ ವೇಳೆಯ ಸಮಾಜಸೇವೆ ಎಂದು ನಾವು ಎಣಿಸಿದ್ದೇವೆ. ಅದು ಸಂಶೋಧನೆಯ ಕೆಲಸದ ಒಂದು ಭಾಗ. ಅದಿಲ್ಲದಿದ್ದರೆ ಮಲೆನಾಡಿನ ಬಗ್ಗೆ ನಡೆಯುವ ಸಂಶೋಧನೆ ಅರ್ಧಕ್ಕೇ ನಿಂತಂತೆ.

ಇದನ್ನು ಮಾಡಬಲ್ಲ ಸಂಸ್ಥೆಗಳು ನಮ್ಮಲ್ಲಿಲ್ಲ ಎನ್ನುವಂತಿಲ್ಲ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ ಭದ್ರಾ ಜಲಾಶಯದ ಸಮೀಪದ ಶಂಕರಘಟ್ಟದಲ್ಲಿದೆ. ಕನ್ನಡ ಭಾರತಿ, ಸಮಾಜಶಾಸ್ತ್ರ, ಪರಿಸರ ವಿಜ್ಞಾನ, ಅನ್ವಯಿಕ ಭೂವಿಜ್ಞಾನ, ವನ್ಯಜೀವಿ ಅಧ್ಯಯನ, ಎಲ್ಲವೂ ಜ್ಞಾನ ಸಹ್ಯಾದ್ರಿಯ ಒಂದೇ ಆವರಣದಲ್ಲಿವೆ. ಆನಂದಪುರದ ಬಳಿಯ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿದೆ, ಪಶುವೈದ್ಯ ಕಾಲೇಜಿದೆ, ವೈರಾಣು ಪತ್ತೆ ಪ್ರಯೋಗಾಲಯವಿದೆ. ಒಂದು ಜಿಲ್ಲೆಯೊಳಗೆ ಇಷ್ಟು ಬಗೆಯ ವಿದ್ವಾಂಸರು ಇರುವುದು ದೊಡ್ಡ ಸಂಪತ್ತು. ಆದರೆ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರು ಒಂದು ಇಲಾಖೆಯ ಕೆಳಗೆ, ಶಂಕರಘಟ್ಟದ ಅರ್ಥಶಾಸ್ತ್ರಜ್ಞರು ಇನ್ನೊಂದರ ಕೆಳಗೆ, ವೈದ್ಯರು ಮೂರನೆಯದರ ಕೆಳಗೆ. ಪಕ್ಕದ ಕಟ್ಟಡದಲ್ಲಿ ಏನು ನಡೆಯುತ್ತಿದೆ ಎಂಬುದು ಎಷ್ಟೋ ಸಲ ಸಂಶೋಧಕರಿಗೇ ತಿಳಿದಿರುವುದಿಲ್ಲ. ವಿಚಾರ ಸಂಕಿರಣಗಳು ನಡೆಯುತ್ತವೆ, ಆದರೆ ಆಯಾ ವಿಭಾಗದವರು ಆಯಾ ವಿಭಾಗದವರಿಗಾಗಿ ನಡೆಸುತ್ತಾರೆ.

ಹೀಗೇಕಾಯಿತು? ಪ್ರಾಧ್ಯಾಪಕರ ಸೋಮಾರಿತನ ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರ ಕೆಲಸವನ್ನು ಅಳೆಯುವ ಕೋಲು ಹೇಗಿದೆ ಎಂಬುದನ್ನು ನೋಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಸಂಶೋಧನಾ ಅಂಕಗಳ ಪಟ್ಟಿಯೊಂದಿದೆ. ಮಾನ್ಯತೆ ಪಡೆದ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ ವಿಜ್ಞಾನದವರಿಗೆ 8 ಅಂಕ, ಭಾಷೆ ಮತ್ತು ಮಾನವಿಕ ವಿಷಯಗಳವರಿಗೆ 10. ವಿದೇಶದಲ್ಲಿ ಆಹ್ವಾನಿತ ಉಪನ್ಯಾಸ ನೀಡಿದರೆ 7, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದಲ್ಲಿ ನೀಡಿದರೆ 2. ಹೊಸನಗರದ ಅಡಿಕೆ ಬೆಳೆಗಾರರ ಮುಂದೆ ಎರಡು ಗಂಟೆ ನಿಂತು ಪ್ರಶ್ನೆಗಳಿಗೆ ಉತ್ತರಿಸಿದರೆ ಎಷ್ಟು ಎಂದು ಹುಡುಕಿದರೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಕನ್ನಡದ ದಿನಪತ್ರಿಕೆಯಲ್ಲಿ ಎಚ್ಚರಿಕೆಯಿಂದ ಬರೆದ ಲೇಖನಕ್ಕೂ ಇಲ್ಲ. ವಿಸ್ತರಣಾ ಚಟುವಟಿಕೆ, ಸಮುದಾಯ ಸೇವೆ ಎಂಬ ಮಾತು ನಿಯಮಾವಳಿಯ ಬೇರೊಂದು ಮೂಲೆಯಲ್ಲಿದೆ, ಆದರೆ ಸಂಶೋಧನೆಯ ಲೆಕ್ಕಕ್ಕೆ ಅದು ಬರುವುದಿಲ್ಲ. ಬಡ್ತಿಗಾಗಿ ಕಾಯುತ್ತಿರುವ, ಮನೆ ಸಾಲ ತೀರಿಸುತ್ತಿರುವ ಸಹಾಯಕ ಪ್ರಾಧ್ಯಾಪಕರೊಬ್ಬರು ಈ ಪಟ್ಟಿ ನೋಡಿ ಏನು ನಿರ್ಧರಿಸುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇದರ ಮೇಲೆ ಖಾಲಿ ಹುದ್ದೆಗಳ ಸಮಸ್ಯೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ವರ್ಷಗಟ್ಟಲೆ ಯಾರೂ ಬರುವುದಿಲ್ಲ, ಪಾಠದ ಹೊರೆ ಅತಿಥಿ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ತಿಳಿಯದವರಿಂದ ದೀರ್ಘಕಾಲದ ಸಂಶೋಧನೆಯನ್ನು ನಿರೀಕ್ಷಿಸುವುದೇ ಅನ್ಯಾಯ. ದೇಶ ಒಟ್ಟಾರೆ ಸಂಶೋಧನೆಗೆ ಖರ್ಚು ಮಾಡುತ್ತಿರುವುದು ಜಿಡಿಪಿಯ ಶೇ 0.64ರಷ್ಟು, ಅದರಲ್ಲಿ ಜಿಲ್ಲಾ ಮಟ್ಟದ ವಿಶ್ವವಿದ್ಯಾಲಯಗಳ ಪಾಲಿಗೆ ಉಳಿಯುವುದು ಅಲ್ಪ.

ಈಚೆಗೆ ಕೆಲವು ಬದಲಾವಣೆಗಳಾಗಿವೆ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಎಂಬ ನಿಯಮವನ್ನು 2022ರಲ್ಲಿ ಕೈಬಿಡಲಾಯಿತು. ಯಾವ ಪತ್ರಿಕೆಗಳಲ್ಲಿ ಬರೆದರೆ ಮಾನ್ಯ ಎಂದು ಹೇಳುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದುಕೊಂಡವು. ಹಿಂದೆ ದೊಡ್ಡ ಊರುಗಳ ಸ್ನೇಹಿತರಿಗೆ ಬರೆದು ಲೇಖನದ ಪ್ರತಿ ತರಿಸಿಕೊಳ್ಳುತ್ತಿದ್ದ ಸಣ್ಣ ಊರಿನ ಸಂಶೋಧಕರಿಗೆ ಇದು ನಿಜವಾದ ಉಪಕಾರ, ಮನಸಾರೆ ಸ್ವಾಗತಿಸಬೇಕು. ಆದರೆ ಇದರ ಬಾಗಿಲು ತೆರೆದಿರುವುದು ವಿಶ್ವವಿದ್ಯಾಲಯದ ಒಳಗಿದ್ದವರಿಗೆ. ತನ್ನ ತೋಟದ ಎಲೆಚುಕ್ಕೆ ರೋಗದ ಬಗ್ಗೆ ಏನು ಬರೆದಿದ್ದಾರೆ ಎಂದು ತಿಳಿಯಬಯಸುವ ಕೊಪ್ಪದ ಬೆಳೆಗಾರರಿಗೆ ಅಲ್ಲಿ ಪ್ರವೇಶವಿಲ್ಲ. ಇದ್ದರೂ ಅದು ಇಂಗ್ಲಿಷಿನಲ್ಲಿದೆ, ಅದೂ ಪಂಡಿತರ ಇಂಗ್ಲಿಷಿನಲ್ಲಿ.

ಕೊಟ್ಟೆ ಕಟ್ಟಿದವರಿಂದ ಕಲಿತವರು

ಬೆಳೆಗಾರರಿಗೂ ವಿಜ್ಞಾನಕ್ಕೂ ಇಷ್ಟು ದೂರ ಹಿಂದಿನಿಂದಲೂ ಇತ್ತು ಎಂದುಕೊಳ್ಳಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗವನ್ನು ಕೈಗೆತ್ತಿಕೊಂಡರು. ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರುವ ಈ ರೋಗಕ್ಕೆ ಬೆಳೆಗಾರರು ಆಗಲೇ ಒಂದು ಉಪಾಯ ಕಂಡುಕೊಂಡಿದ್ದರು. ಮಳೆ ಹಿಡಿಯುವ ಮುನ್ನ ಮರ ಹತ್ತುವ ಕೊನೆಗಾರ ಪ್ರತಿಯೊಂದು ಅಡಿಕೆ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದ. ಮಳೆನೀರು ಕಾಯಿಗೆ ತಾಗದಂತೆ ಕಾಯುವ ಹೊದಿಕೆ ಅದು. ತುಂಬ ಶ್ರಮದ ಕೆಲಸ, ಎತ್ತರದ ಮರದಲ್ಲಿ ಜೀವ ಕೈಯಲ್ಲಿ ಹಿಡಿದು ಮಾಡಬೇಕಾದದ್ದು. ಕೋಲ್ಮನ್ ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಿಲ್ಲ. ಕೊಟ್ಟೆ ಏಕೆ ಕೆಲಸ ಮಾಡುತ್ತದೆ ಎಂಬುದರಲ್ಲಿಯೇ ರೋಗದ ಗುಟ್ಟಿತ್ತು: ರೋಗಕಾರಕ ಶಿಲೀಂಧ್ರ ಬೆಳೆಯಲು, ಹರಡಲು ಕಾಯಿಯ ಮೇಲೆ ನೀರು ನಿಲ್ಲಬೇಕು. 1910ರಲ್ಲಿ ಇಲಾಖೆಯ ಪ್ರಕಟಣೆಯಾಗಿ ಕೊಳೆರೋಗದ ಬಗ್ಗೆ ಅವರ ವರದಿ ಬಂತು. ನೀರನ್ನು ತಡೆಯುವ ಬದಲು ಕಾಯಿಯ ಮೇಲೆಯೇ ತಾಮ್ರದ ಲೇಪ ಕೂರಿಸುವ ಬೋರ್ಡೋ ದ್ರಾವಣ ತೋಟಗಳಿಗೆ ಬಂತು.

ಇಂದಿಗೂ ಮಳೆಗಾಲದ ಮುಂಚೆ ಮಲೆನಾಡಿನ ಮನೆಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಸಿದ್ಧತೆ ನಡೆಯುತ್ತದೆ. ಶೇ 1ರ ದ್ರಾವಣಕ್ಕೆ ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿಕೊಳ್ಳಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಾಮ್ರ ಹೆಚ್ಚಾಗಿದೆಯೇ ಎಂದು ಹೊಳೆಯುವ ಚಾಕು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಶಾಲೆಯ ಮೆಟ್ಟಿಲು ಹತ್ತದ ಕೆಲಸಗಾರರೂ ಈ ರಸಾಯನಶಾಸ್ತ್ರವನ್ನು ತಪ್ಪಿಲ್ಲದೆ ಮಾಡುತ್ತಾರೆ. ಸಂಶೋಧನೆ ಜನರ ನಿತ್ಯದ ಕೆಲಸದೊಳಗೆ ಸೇರಿಹೋಗುವುದೆಂದರೆ ಹೀಗೆ. ಸಂಶೋಧಕರು ತೋಟಕ್ಕೆ ಬಂದರು, ಬೆಳೆಗಾರರ ಮಾತು ಕೇಳಿದರು, ತಾವು ಕಂಡದ್ದನ್ನು ಅವರೆದುರೇ ಮಾಡಿ ತೋರಿಸಿದರು.

ಕನ್ನಡದ ಅಧ್ಯಾಪಕರಲ್ಲಿ ಈ ಗುಣ ಹಿಂದೆ ಸಹಜವಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಕನ್ನಡದ ವಿಜ್ಞಾನ ಮಾಸಪತ್ರಿಕೆಯನ್ನು ಹೊರತಂದರು. ಪಂಪನ ಭಾರತವನ್ನು ಸಂಪಾದಿಸಿದವರೂ ಅವರೇ. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು, ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ತೀರ್ಥಹಳ್ಳಿಯ ಕುಪ್ಪಳಿಯಿಂದ ಹೋಗಿ 1956ರಿಂದ 1960ರವರೆಗೆ ಅಲ್ಲಿ ಕುಲಪತಿಗಳಾಗಿದ್ದ ಕುವೆಂಪು ಈ ಕೆಲಸಕ್ಕೆ ಹೊಸ ಬಲ ತುಂಬಿದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನು ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕವಿ ಕೆ.ಎಸ್. ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನವನ್ನು. ಇವರಿಗೆ ಎರಡು ಮನೆಯ ಬದುಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಕಲ್ಲಿನ ಮೇಲಿನ ಬರಹಕ್ಕೂ ವೈದ್ಯರು ಬೇಕು

ವಿಜ್ಞಾನದವರು ಜನರ ಬಳಿ ಬರಬೇಕು ಎಂದಷ್ಟೇ ಹೇಳಿದರೆ ಮಾನವಿಕ ವಿಭಾಗಗಳಿಗೆ ಅನ್ಯಾಯವಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದ ಹನ್ನೆರಡನೆಯ ಶತಮಾನದ ಶಾಸನವನ್ನು ಬಿ.ಎಲ್. ರೈಸ್ ಅವರ ಶಿವಮೊಗ್ಗ ಜಿಲ್ಲೆಯ ಶಾಸನ ಸಂಪುಟದಲ್ಲಿ ಓದಬಹುದು. ವ್ಯಾಕರಣದ ಬೇರೆ ಬೇರೆ ಪಂಥಗಳು, ನ್ಯಾಯ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಕಾವ್ಯ, ನಾಟಕ ಎಲ್ಲದರ ಪಾಠ ನಡೆಯುತ್ತಿದ್ದ ಜಾಗ ಅದು. ಅದೇ ಜಾಗದಲ್ಲಿ ದೀನರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ ಸಿಗುತ್ತಿತ್ತು. ಅನಾಥ ರೋಗಿಗಳಿಗೆ ಔಷಧಿ ಸಿಗುತ್ತಿತ್ತು. ಇದನ್ನು ಇತಿಹಾಸ ವಿಭಾಗದವರು ಒಂದು ಬಗೆಯಲ್ಲಿ ಓದುತ್ತಾರೆ. ಆಯುರ್ವೇದ ಬಲ್ಲವರು, ಸಾರ್ವಜನಿಕ ಆರೋಗ್ಯ ಕಲಿಸುವವರು ಜೊತೆಗೆ ಕುಳಿತು ಓದಿದರೆ ಆ ಕಾಲದ ಆರೋಗ್ಯ ವ್ಯವಸ್ಥೆಯ ಬಗ್ಗೆ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಸೊರಬದ ಕಾನುಗಳ ವಿಷಯವೂ ಹಾಗೆಯೇ. ಊರವರು ತಲೆತಲಾಂತರದಿಂದ ಕಾಯ್ದುಕೊಂಡು ಬಂದ, ಕಾಡುಮೆಣಸು ಬೆಳೆಯುತ್ತಿದ್ದ ಈ ದಟ್ಟ ಹಸಿರು ಕಾಡುಗಳ ಬಗ್ಗೆ 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿ ಬರೆದಿದ್ದರು. ನಂತರ ಮಾಧವ ಗಾಡ್ಗೀಳ್, ಎಂ.ಡಿ. ಸುಭಾಷ್ ಚಂದ್ರನ್ ಮೊದಲಾದ ಪರಿಸರಶಾಸ್ತ್ರಜ್ಞರು ದೇವರಕಾಡುಗಳ ಅಧ್ಯಯನ ಮಾಡುವಾಗ ಮರಗಳ ಪಟ್ಟಿಯ ಜೊತೆಗೆ ಹಳೆಯ ಕಂದಾಯ ಕಡತಗಳನ್ನೂ ಊರಿನ ಆಚರಣೆಗಳನ್ನೂ ಓದಬೇಕಾಯಿತು. ಕಾನು ಏಕೆ ಉಳಿಯಿತು ಎಂಬುದಕ್ಕೆ ಸಸ್ಯಶಾಸ್ತ್ರದಲ್ಲಿ ಮಾತ್ರ ಉತ್ತರ ಸಿಗುವುದಿಲ್ಲ.

ವಿದ್ವಾಂಸರು ಮಾತನಾಡದಿದ್ದಾಗ ಏನಾಗುತ್ತದೆ ಎಂಬುದಕ್ಕೆ ತಾಳಗುಂದದ ಉದಾಹರಣೆ ಇದೆ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಉತ್ಖನನದಲ್ಲಿ ಅಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದ್ದೆಂದು ಹೇಳಲಾಯಿತು. ಹಾಗಾದರೆ ಕನ್ನಡದ ಅತಿ ಹಳೆಯ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನಕ್ಕಿಂತ ಇದು ಹಳೆಯದು ಎಂಬ ಸುದ್ದಿ ಕ್ಷಣದಲ್ಲಿ ಹರಡಿತು. ಲಿಪಿಯ ಸ್ವರೂಪದಿಂದ ಕಾಲ ನಿರ್ಣಯಿಸುವುದು ಹೇಗೆ, ಅದರಲ್ಲಿ ಎಷ್ಟು ವರ್ಷಗಳ ಹೆಚ್ಚುಕಡಿಮೆ ಇರುತ್ತದೆ, ಮಣ್ಣಿನ ಪದರಗಳು ಏನು ಹೇಳುತ್ತವೆ ಎಂಬುದು ಸುದ್ದಿಯ ಜೊತೆ ಹರಡಲಿಲ್ಲ. ಶಾಸನತಜ್ಞರೂ ಭೂವಿಜ್ಞಾನಿಯೂ ತಾಳಗುಂದದ ಪ್ರಣವೇಶ್ವರ ದೇವಾಲಯದ ಅಂಗಳದಲ್ಲಿಯೇ ನಿಂತು ಇದನ್ನು ವಿವರಿಸಿದರೆ ಕೇಳಲು ಜನ ಬರುತ್ತಾರೆ. ಹೆಮ್ಮೆಯೂ ಉಳಿಯುತ್ತದೆ, ವಿವೇಕವೂ ಉಳಿಯುತ್ತದೆ.

ಜನ ಬರುತ್ತಾರೆ ಎಂದು ಧೈರ್ಯವಾಗಿ ಹೇಳಲು ಕಾರಣ ಹೆಗ್ಗೋಡು. ಸಾಗರದ ಪಕ್ಕದ ಆ ಸಣ್ಣ ಊರಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ತನ್ನ ಸಂಸ್ಕೃತಿ ಶಿಬಿರಗಳಲ್ಲಿ ದೊಡ್ಡ ದೊಡ್ಡ ವಿದ್ವಾಂಸರನ್ನು ಕರೆತಂದು ಅಧ್ಯಾಪಕರು, ಗೃಹಿಣಿಯರು, ಕೃಷಿಕರು, ವಿದ್ಯಾರ್ಥಿಗಳ ಮುಂದೆ ಮಾತನಾಡಿಸಿದೆ. ಕಠಿಣ ವಿಷಯ ಹೇಳಿದರೆ ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂಬ ಅಂಜಿಕೆಯನ್ನು ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಸುಳ್ಳು ಮಾಡಿ ತೋರಿಸಿದರು. ಶಿವಮೊಗ್ಗದ ಕರ್ನಾಟಕ ಸಂಘ 1930ರಿಂದ ಉಪನ್ಯಾಸಗಳ ಪರಂಪರೆಯನ್ನು ಕಾಪಾಡಿಕೊಂಡು ಬಂದಿದೆ. ಕೇಳುಗರ ಕೊರತೆ ಮಲೆನಾಡಿಗಿಲ್ಲ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಕಾವೇರಿರುವ ಈ ಹೊತ್ತಿನಲ್ಲಿ ಆ ಕೇಳುಗರಿಗೆ ಸಿಗುತ್ತಿರುವುದು ಘೋಷಣೆಗಳು. 2,000 ಮೆಗಾವಾಟ್ ಸಾಮರ್ಥ್ಯದ ಯೋಜನೆಯದು. ವಿದ್ಯುತ್ತು ಹೆಚ್ಚಿರುವಾಗ ಗೇರುಸೊಪ್ಪೆಯ ಜಲಾಶಯದಿಂದ ತಳಕಳಲೆಗೆ ನೀರೆತ್ತುವುದು, ಬೇಡಿಕೆ ಹೆಚ್ಚಿದಾಗ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವುದು. ಮೇಲೆತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಹೀಗಿದ್ದೂ ಇದು ಏಕೆ ಬೇಕೆನ್ನುತ್ತಾರೆ ಎಂಬುದನ್ನು ವಿದ್ಯುತ್ ಎಂಜಿನಿಯರಿಂಗ್ ಕಲಿಸುವವರು ಹೇಳಬೇಕು. ಸುರಂಗ ಕೊರೆದರೆ ಇಳಿಜಾರಿನ ಕಲ್ಲು ಮಣ್ಣು ಹೇಗೆ ವರ್ತಿಸುತ್ತವೆ ಎಂಬುದನ್ನು ಭೂವಿಜ್ಞಾನಿಗಳು ಹೇಳಬೇಕು. ಮರದ ಮೇಲೆಯೇ ಬದುಕುವ ಸಿಂಗಳೀಕಕ್ಕೆ ಕಾಡಿನ ಮೇಲ್ಚಾವಣಿ ತುಂಡಾದರೆ ಏನಾಗುತ್ತದೆ ಎಂಬುದು ಪ್ರಾಣಿವರ್ತನೆ ಬಲ್ಲವರಿಗೆ ಗೊತ್ತು. ಅಂದ ಹಾಗೆ, ಸಿಂಗಳೀಕಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಮೇವಾ ಸಿಂಗ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಇದ್ದದ್ದು ಮನಃಶಾಸ್ತ್ರ ವಿಭಾಗದಲ್ಲಿ. ಇನ್ನು ಇತಿಹಾಸದವರಿಗೂ ಕಾನೂನಿನವರಿಗೂ ದೊಡ್ಡ ಕೆಲಸವಿದೆ. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ಮುಳುಗಡೆಯಾದವರ ಭೂಮಿಯ ಹಕ್ಕು ಈವರೆಗೂ ಇತ್ಯರ್ಥವಾಗಿಲ್ಲ. ಶರಾವತಿ ಕಣಿವೆಯ ಜನ ಹೊಸ ಯೋಜನೆ ಎಂದೊಡನೆ ಬೆಚ್ಚುವುದಕ್ಕೆ ಆ ನೆನಪೇ ಕಾರಣ. ಪರಿಸರ ಪರಿಣಾಮದ ವರದಿಯಲ್ಲಿ ಈ ನೆನಪಿಗೆ ಅಧ್ಯಾಯವಿರುವುದಿಲ್ಲ.

ಏನು ಮಾಡಬಹುದು? ದೊಡ್ಡ ಹಣ ಬೇಡದ ಕೆಲಸಗಳೇ ಹಲವು. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣಕ್ಕೆ ಸೇರುತ್ತವೆ. ಪ್ರತಿಯೊಂದರ ಜೊತೆಗೂ ಓದುಗರಿಗೆ ಅರ್ಥವಾಗುವ ಹತ್ತು ಪುಟಗಳ ಕನ್ನಡ ಸಾರಾಂಶ ಇರಲೇಬೇಕೆಂದು ವಿಶ್ವವಿದ್ಯಾಲಯ ತನ್ನ ಮಟ್ಟದಲ್ಲಿಯೇ ನಿಯಮ ಮಾಡಬಹುದು. ಮೌಖಿಕ ಪರೀಕ್ಷೆಯ ದಿನ ಬೇರೆ ವಿಭಾಗದ ಒಬ್ಬರು ಪ್ರಶ್ನೆ ಕೇಳುವಂತೆ ಮಾಡಬಹುದು. ಭದ್ರಾವತಿ ಆಕಾಶವಾಣಿಯನ್ನು ತೋಟದ ಕೆಲಸದ ನಡುವೆ ಕೇಳುವ ಮನೆಗಳು ಇನ್ನೂ ಇವೆ. ಎರಡೂ ವಿಶ್ವವಿದ್ಯಾಲಯಗಳು ಸೇರಿ ಅಲ್ಲಿ ವಾರಕ್ಕೊಂದು ಸಂವಾದ ನಡೆಸಲಿ, ಪ್ರತಿ ಸಲ ಒಬ್ಬರು ವಿಜ್ಞಾನದಿಂದ, ಒಬ್ಬರು ಮಾನವಿಕದಿಂದ. ಪ್ರಸಾರಾಂಗಗಳು ಆ ಮಾತುಗಳನ್ನು ಸಣ್ಣ ಪುಸ್ತಕ ಮಾಡಲಿ. ಕನ್ನಡದಲ್ಲಿ ಪರಿಭಾಷೆ ಇಲ್ಲ ಎಂಬ ನೆಪ ಬೇಡ. ವೈರಸ್, ಫಂಗಸ್, ಬೋರ್ಡೋ ಎಂದು ಬೆಳೆಗಾರರೇ ನಿತ್ಯ ಹೇಳುತ್ತಾರೆ.

ಅಂಕಗಳ ವಿಷಯಕ್ಕೆ ಬಂದರೆ, ಯುಜಿಸಿ 2025ರ ಜನವರಿಯಲ್ಲಿ ಹೊರಡಿಸಿದ ಕರಡಿನಲ್ಲಿ ಅಧ್ಯಾಪಕರ ‘ಗಮನಾರ್ಹ ಕೊಡುಗೆ’ಗಳ ಪಟ್ಟಿಯೊಳಗೆ ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯದೊಂದಿಗಿನ ಕೆಲಸ ಎರಡೂ ಸೇರಿದ್ದವು. ಕುಲಪತಿಗಳ ನೇಮಕದಲ್ಲಿ ರಾಜ್ಯಗಳ ಅಧಿಕಾರ ಕಸಿಯುವ ಅಂಶಕ್ಕಾಗಿ ಕರ್ನಾಟಕ ಆ ಕರಡನ್ನು ವಿರೋಧಿಸಿತು, ಅದು ಸರಿಯಾಗಿಯೇ ಇತ್ತು. ಆದರೆ ಆ ಜಗಳದಲ್ಲಿ ಈ ಒಳ್ಳೆಯ ಅಂಶ ಮರೆಯಾಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಅತ್ಯಂತ ಕಷ್ಟದ ವಿಷಯವೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಮಲೆನಾಡಿನ ಮನೆಗಳಲ್ಲಿ ಮಕ್ಕಳ ಓದು, ಮದುವೆ, ಆಸ್ಪತ್ರೆ ಎಲ್ಲ ನಡೆಯುವುದು ಅಡಿಕೆಯ ದುಡ್ಡಿನಿಂದ. ಇಲ್ಲಿನ ಪ್ರಾಧ್ಯಾಪಕರಲ್ಲಿ ಎಷ್ಟೋ ಜನ ಅಡಿಕೆ ತೋಟದ ಮನೆಗಳಿಂದಲೇ ಬಂದವರು. ಬೆಳೆಗಾರರ ಸಭೆಗಳಲ್ಲಿ ಈ ಮಾತು ಬಂದಾಗ ಅದು ಪಿತೂರಿ ಎಂಬ ಒಂದೇ ಉತ್ತರಕ್ಕೆ ಚಪ್ಪಾಳೆ ಬೀಳುತ್ತದೆ, ವಿದ್ವಾಂಸರು ಸುಮ್ಮನಿರುತ್ತಾರೆ. ಅವರ ಮೌನ ನನಗೆ ಅರ್ಥವಾಗುತ್ತದೆ, ಆದರೆ ಅದು ಬೆಳೆಗಾರರಿಗೆ ಉಪಕಾರ ಮಾಡುತ್ತಿಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಬಾಯಿಯ ಒಳಪದರಕ್ಕೆ ಏನು ಮಾಡುತ್ತದೆ ಎಂದು ಜೀವರಸಾಯನಶಾಸ್ತ್ರದವರು ಹೇಳಲಿ. ಬಾಯಿ ತೆರೆಯಲಾಗದೆ ಬರುವ ಯುವಕರನ್ನು ನೋಡುವ ದಂತವೈದ್ಯರು ಹೇಳಲಿ. ಗುಟ್ಕಾ, ತಂಬಾಕಿನ ಜೊತೆ ತಿನ್ನುವುದಕ್ಕೂ ಎಲೆಯಡಿಕೆಗೂ ಅಧ್ಯಯನಗಳು ಕಂಡ ವ್ಯತ್ಯಾಸ ಎಷ್ಟು, ಎಲ್ಲಿಯವರೆಗೆ ಎಂದು ಅವರೇ ಬಿಡಿಸಿ ಹೇಳಲಿ. ಗದ್ದೆಗಳೆಲ್ಲ ತೋಟವಾದ ಈ ಕಾಲದಲ್ಲಿ, ಅಡಿಕೆ ಬಯಲುಸೀಮೆಗೂ ಹಬ್ಬಿರುವಾಗ, ಬೆಲೆ ಕುಸಿದರೆ ಸಾಲ ತೀರಿಸುವುದು ಹೇಗೆ ಎಂದು ಅರ್ಥಶಾಸ್ತ್ರದವರು ಲೆಕ್ಕ ಇಡಲಿ. ಕಾಳುಮೆಣಸು, ಕಾಫಿ, ಏಲಕ್ಕಿಯಂತಹ ಬೆಳೆ ಯಾವ ತೋಟದಲ್ಲಿ ಸಾಧ್ಯ, ಯಾವುದರಲ್ಲಿ ಅಸಾಧ್ಯ ಎಂದು ತೋಟಗಾರಿಕೆಯವರು ಹೇಳಲಿ. ಸಭೆಯಲ್ಲಿ ಸಿಟ್ಟು ಬರುತ್ತದೆ, ಬರಲಿ. ಬೆಳೆಗಾರರು ಎದ್ದು ನಿಂತು ಪ್ರಶ್ನಿಸಲಿ, ಪ್ರಾಧ್ಯಾಪಕರು ಕೊನೆಯ ಪ್ರಶ್ನೆಯವರೆಗೂ ಕುಳಿತು ಉತ್ತರಿಸಲಿ. ಅಂಥ ಮೊದಲ ಸಭೆಯನ್ನು ಕರೆಯುವ ಹೊಣೆಯನ್ನು ಎರಡೂ ವಿಶ್ವವಿದ್ಯಾಲಯಗಳ ಕುಲಪತಿಗಳು ಜೊತೆಯಾಗಿ ಹೊರಬೇಕು, ಅದು ಶಿವಮೊಗ್ಗದ ಸಭಾಂಗಣಕ್ಕಿಂತ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಬೆಳೆಗಾರರ ಅಂಗಳಕ್ಕೆ ಹತ್ತಿರವಾಗಿ ನಡೆದರೆ ಒಳ್ಳೆಯದು.